ನಕಲು ಅಂದರು

ಮೇ 4, ಬೆಳಗ್ಗೆ 6
ನಮಾಜು ಆಯಿತು. ಕುರ್‌ಆನಿನ ಮೂರು ಪುಟ ಬಾಯಿಪಾಠ ಒಪ್ಪಿಸಿದೆ, ಎಲ್ಲೂ ತಡವರಿಸಲಿಲ್ಲ. ಇವತ್ತು ಹತ್ತನೇ ಕ್ಲಾಸಿನ ರಿಸಲ್ಟು. ನಾನು ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಎರಡು ವರ್ಷ ಅಪ್ಪನ ಜೊತೆ ಪಂಪ್ ರಿಪೇರಿ, ಅಪ್ಪ ಹೋದ ಮೇಲೆ ಏಳು ವರ್ಷ ಈ ಮದ್ರಸಾ. ಇಲ್ಲಿಂದ ಪರೀಕ್ಷೆಗೆ ಕೂತ ಮೊದಲನೆಯವನು ನಾನೇ. "ನೀನು ಪಾಸಾದ್ರೆ ಉಳಿದವರನ್ನೂ ಕೂರಿಸ್ತೀನಿ" ಎಂದಿದ್ದಾರೆ ನಮ್ಮ ಗುರುಗಳು, ಉಸ್ತಾದರು. ಹನ್ನೊಂದು ಜನ ಅರ್ಜಿ ತುಂಬಿ ಇಟ್ಟುಕೊಂಡಿದ್ದಾರೆ. ನನ್ನ ಮುಖ ಕಂಡಾಗಲೆಲ್ಲ ನಗುತ್ತಾರೆ. ಆ ನಗುವೇ ಭಯ.

ಮೇ 4, ಮಧ್ಯಾಹ್ನ
ಎಲ್ಲ ಪಾಸು. ವಿಜ್ಞಾನದ ಮುಂದೆ ಮಾತ್ರ — "ತಡೆಹಿಡಿಯಲಾಗಿದೆ". ಅಂದರೆ? ಹತ್ತು ಸಲ ನೋಡಿದೆ. ಹತ್ತು ಸಲವೂ ಅದೇ.

ಮೇ 9
ಪರೀಕ್ಷಾ ಮಂಡಳಿಯಿಂದ ಪತ್ರ ಬಂತು. ನಕಲು ಮಾಡಿದ ಶಂಕೆ. ಹದಿನಾರಕ್ಕೆ ವಿಚಾರಣೆ. ಹೃದಯದ ಬಗ್ಗೆ ನಾನು ಬರೆದ ಉತ್ತರ, ಪಠ್ಯಪುಸ್ತಕದ ಪುಟ 112ರ ಹಾಗೇ ಇದೆಯಂತೆ, ಅಕ್ಷರಕ್ಕೆ ಅಕ್ಷರ. ಇರದೆ ಇನ್ನೇನು! ಪುಸ್ತಕ ಪೂರ್ತಿ ಬಾಯಿಪಾಠ ಮಾಡಿದ್ದೆನಲ್ಲ. ಒಂದು ಪದ ಅತ್ತಿತ್ತ ಆದರೂ ತಪ್ಪು ಅಂತ ಕಲಿತವನು. "ಚಿತ್ರ 6.3 ನೋಡಿ" ಅಂತಲೂ ಬರೆದಿದ್ದೇನೆ. ಚಿತ್ರವೇ ಬರೆದಿಲ್ಲ.
ರೂಮಿನವನಿಗೆ — ಎಲ್ಲದಕ್ಕೂ ವಾದ ಹೂಡುತ್ತಾನೆಂದು ವಕೀಲ ಅಂತಲೇ ಹೆಸರು — ತೋರಿಸಿದೆ. ಬಿದ್ದು ಬಿದ್ದು ನಕ್ಕ. "ಲೋ, ಪುಣ್ಯಕ್ಕೆ ಪುಸ್ತಕ ಅಚ್ಚು ಹಾಕಿದ ಪ್ರೆಸ್ಸಿನ ವಿಳಾಸ ಬರೀಲಿಲ್ವಲ್ಲ!"
ಆಮೇಲೆ ತನ್ನ ಅರ್ಜಿ ತೆಗೆದು ನೋಡಿದ. ಆ ಹನ್ನೊಂದರಲ್ಲಿ ಅವನದೂ ಒಂದು.

ಮೇ 11
ಅಕ್ಕ ಫೋನ್ ಮಾಡಿದ್ದಳು. "ಗಡ್ಡ ಟೋಪಿ ನೋಡಿ ಮೊದ್ಲೇ ತೀರ್ಮಾನ ಮಾಡಿರ್ತಾರೆ ಕಣೋ. ಹೋಗ್ಬೇಡ."
ಹೋಗದಿದ್ದರೆ ಕಳ್ಳ ಅಂತ ನಾನೇ ಒಪ್ಪಿದ ಹಾಗೆ. ಹೋಗಿ ತಡವರಿಸಿದರೂ ಕಳ್ಳನೇ. ಅನ್ನ ಸೇರುತ್ತಿಲ್ಲ. ಉಸ್ತಾದರಿಗೆ ಇನ್ನೂ ಹೇಳಿಲ್ಲ...

ಮೇ 16, ಸಂಜೆ
ಈಗಷ್ಟೇ ಬಂದೆ. ಬರೆದುಬಿಡುತ್ತೇನೆ.
ಮಂಡಳಿಯ ಕಚೇರಿಯಲ್ಲಿ ಮೂವರು ಕೂತಿದ್ದರು. ಮಧ್ಯದ ಮೇಡಂ ಪುಸ್ತಕ ತೆರೆದು ಒಂದು ಸಾಲು ಓದಿದರು. ಕಣ್ಣು ಮುಚ್ಚಿ ಮುಂದಿನದು ಹೇಳಿದೆ. ಪುಟ ತಿರುಗಿಸಿದರು. ಅದನ್ನೂ ಹೇಳಿದೆ. ಕಣ್ಣು ಬಿಟ್ಟರೆ, ಕನ್ನಡಕದ ಸಾಹೇಬರು ಮೇಜಿನ ಕೆಳಗೆ ಬಗ್ಗಿದ್ದಾರೆ — ಚೀಟಿ ಹುಡುಕುತ್ತ!
ಬದುಕಿದೆ ಅಂದುಕೊಂಡೆ. ಮೇಡಂ ಪುಸ್ತಕ ಮುಚ್ಚಿದರು.
"ಬಾಯಿಪಾಠ ಬರತ್ತೆ, ಒಪ್ಪಿದೆ. ಅರ್ಥ ಆಗಿದ್ಯಾ? ಹೃದಯದಲ್ಲಿ ಕವಾಟ ಯಾಕಿದೆ? ನಿನ್ನ ಮಾತಲ್ಲಿ ಹೇಳು."
ಪುಟ 112 ಒಂದೇ ಬಾಯಿಗೆ ಬರುತ್ತಿದೆ. ಫ್ಯಾನಿನ ಸದ್ದು. ಹನ್ನೊಂದು ಜನ ಬೆನ್ನ ಹಿಂದೆ ನಿಂತ ಹಾಗೆ. ಆಗ ಅಪ್ಪನ ಸ್ಪ್ಯಾನರ್ ನೆನಪಾಯಿತು.
"ಬಾವಿಗೆ ಪೈಪ್ ಇಳಿಸ್ತೀವಲ್ಲ ಮೇಡಂ, ತುದೀಲಿ ಫುಟ್ ವಾಲ್ವ್ ಇರತ್ತೆ. ಹತ್ತಿದ ನೀರನ್ನ ವಾಪಸ್ ಇಳಿಯೋಕೆ ಬಿಡಲ್ಲ. ಅದು ಸವೆದ್ರೆ ಮೋಟ್ರು ಸುಮ್ನೆ ಬಡ್ಕೊಳ್ಳತ್ತೆ, ನೀರು ಬರಲ್ಲ. ಹೃದಯಾನೂ ಹಂಗೇ. ರಕ್ತ ಹಿಂದಕ್ಕೆ ಬರಬಾರ್ದು. ನಮ್ಮಪ್ಪಂದು... ಸವೆದಿತ್ತು."
ಮೇಡಂ ನನ್ನ ಉತ್ತರ ಪತ್ರಿಕೆಯನ್ನು ಮುಂದಕ್ಕೆ ತಳ್ಳಿದರು.
"ಇದನ್ನೇ ಯಾಕೆ ಬರೀಲಿಲ್ಲ?"
"ಇದು ನನ್ನ ಮಾತು, ಮೇಡಂ. ನನ್ನ ಮಾತಿಗೆ ಯಾರು ಮಾರ್ಕ್ಸ್ ಕೊಡ್ತಾರೆ?"

ಮೇ 27
ವಿಜ್ಞಾನ — ಪಾಸು. ವಕೀಲ ನನ್ನನ್ನು ಎತ್ತಿ ಕುಣಿಸಲು ಹೋಗಿ ಕೆಳಗೆ ಹಾಕಿದ. ಉಸ್ತಾದರ ಮುಂದೆ ಎಲ್ಲ ಒಪ್ಪಿಕೊಂಡೆ, ಪತ್ರ ಮುಚ್ಚಿಟ್ಟಿದ್ದನ್ನೂ. ಬೈಯಲಿಲ್ಲ. ಹನ್ನೊಂದು ಅರ್ಜಿಗೂ ಸಹಿ ಹಾಕಿ ಪೆನ್ನು ಮುಚ್ಚಿದರು.
"ಆಯಮ್ಮ ಕೇಳಿದ್ದನ್ನ ಏಳು ವರ್ಷದಲ್ಲಿ ನಾನು ಒಂದು ಸಲಾನೂ ಕೇಳ್ಲಿಲ್ಲ ನೋಡು" ಎಂದರು. "ಕೂತ್ಕೋ. ಕುರ್‌ಆನಿನ ಮೊದಲನೇ ಅಧ್ಯಾಯ. ನಿನ್ನ ಮಾತಲ್ಲಿ ಹೇಳು."
ಏಳೇ ಸಾಲು. ದಿನದ ನಮಾಜಿನಲ್ಲಿ ಹದಿನೇಳು ಸಲ ಹೇಳುವುದು. ಅರ್ಥವೂ ಗೊತ್ತು, ಕಲಿಸಿದ್ದಾರೆ. ಆದರೆ ಅದೂ ಬಾಯಿಪಾಠವೇ. ಉಸ್ತಾದರು ಕಾಯುತ್ತಿದ್ದರು. ಬಾಯಿ ತೆರೆದೆ. "ದಾರಿ ತೋರಿಸು ಅಂತ ಕೇಳೋದು ಅದು... ಗೊತ್ತಿಲ್ಲದ ಊರಲ್ಲಿ ಬಸ್ಸಿಳಿದವನು ಹೆಂಗೆ... ಅಲ್ಲ, ಹಂಗಲ್ಲ... ನಾನು, ನನ್ನ ಮಾತಲ್ಲಿ —"