ಕ್ಯಾಪ್ಟನ್ ಕರೆವ್ವ ಮನಿಯಾಗ ಇರಬೇಕು

ಲೇ ಫಕೀರೇಶ,

ನಾ ಬರದ ಮಕ್ಕಳ ಕಾದಂಬರಿ ತಗೊಂಡು ಮುಂಜಾನಿ ಬಸ್ಸಿಗೆ ಧಾರವಾಡಕ್ಕ ಹೊಂಟೇನಿ. ಬರೂದು ನಾಳೆ. ರೊಟ್ಟಿ ಬುಟ್ಟ್ಯಾಗ ಅದಾವ. ಎಮ್ಮಿಗೆ ಹಿಂಡಿ ನೆನಸಿ ಇಟ್ಟೇನಿ, ಮರೀದ ಹಾಕು.

ಪ್ರಕಾಶಕರು ಫೋನಿನ್ಯಾಗ, ಎಮ್ಮಿ ತಗದು ಸಿಂಹ ಹಾಕ್ರಿ ಅಂದಾರ. ನನ್ನ ಕಥ್ಯಾಗ ಕ್ಯಾಪ್ಟನ್ ಕರೆವ್ವ ಅನ್ನೂ ಎಮ್ಮಿ, ಇಲಿ ಆಡು ಎಲ್ಲಾರ್ನೂ ಬೆನ್ನ ಮ್ಯಾಲೆ ಹೊತ್ತು ತುಂಬಿದ ಹಳ್ಳ ದಾಟತೈತಿ. ಸಿಂಹ ಆದ್ರ ಹಳ್ಳದ ನಡುವನ ಆಡು ತಿಂದು ಬಿಡತೈತಿ. ಎದುರಿಗೆ ಕುಂತು ಹೇಳತೇನಿ. ಒಪ್ಪತಾರ, ನೋಡ್ತಿರು.

ಇನ್ನ ನಿನ್ನ ಮಾತು. ಹಾಲು ಬತ್ತ್ಯಾವಂತ ಎಮ್ಮಿ ಮಾರಾಕ ದಲ್ಲಾಳಿಗೆ ಇವತ್ತ ಬಾ ಅಂದೀಯಂತ, ನಿನ್ನ ಹೆಂಡ್ತಿನ ಹೇಳಿದ್ಲು. ಬಂದ್ರ ಚಾ ಕೊಟ್ಟು ಕಳಸು.

ಸಂಜಿಗೆ ಓಣಿ ಹುಡುಗೂರು ಕಥಿ ಕೇಳಾಕ ಮನಿ ಮುಂದಿನ ಕಟ್ಟಿಗೆ ಬರತಾವ. ಬಂದಕೂಡ್ಲೆ ಕೊಟ್ಟಿಗಿಗೆ ಹೋಗಿ ನಮ್ಮ ಎಮ್ಮಿಗೆ, 'ಕ್ಯಾಪ್ಟನ್ ಕರೆವ್ವಾರ, ನಮಸ್ಕಾರ್ರಿ' ಅಂತಾವ. ಕಡೀ ಅಧ್ಯಾಯದ ಝೆರಾಕ್ಸ್ ಟೇಬಲ್ ಮ್ಯಾಲೆ ಇಟ್ಟೇನಿ, ನೀನ ಓದಿ ಹೇಳು. ಅದರಾಗ ಕರೆವ್ವ ಎಲ್ಲಾರ್ನೂ ಹಳ್ಳದ ಆಚಿ ದಂಡಿಗೆ ಮುಟ್ಟಿಸಿ ಹೊಳ್ಳಿ ಮನಿಗೆ ಬರತಾಳ.

ಕೊಟ್ಟಿಗಿ ಖಾಲಿ ಇಟಗೊಂಡು ಅದನ್ನ ಆ ಹುಡುಗೂರ ಮುಂದ ಹೆಂಗ ಓದತಿ, ಓದು.

ಅವ್ವ