ಅರವತ್ತೊಂದು ತೆಂಗಿನಕಾಯಿಯ ಪ್ರಮಾಣಪತ್ರ

ಮಾನ್ಯ ಪರವಾನಗಿ ಅಧಿಕಾರಿಗಳೇ,

ಸಾಗರದ ಚೀನೀ ಸೂಜಿ ಚಿಕಿತ್ಸಾ ಕೇಂದ್ರಕ್ಕೆ ನಾನು ಬರೆದುಕೊಟ್ಟ ಪ್ರಮಾಣಪತ್ರ ಸುಳ್ಳು. ಅದನ್ನು ಹಿಂದಕ್ಕೆ ಕೊಡಿ ಎಂದು ನಾಲ್ಕು ತಿಂಗಳಿಂದ ನಿಮ್ಮ ಕಚೇರಿಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೇನೆ. ನೀವು ಕೊಡುತ್ತಿಲ್ಲ. ಅದೇ ಕಾಗದದ ಬಲದ ಮೇಲೆ ಕೇಂದ್ರದ ಶಾಖೆಯೊಂದಕ್ಕೆ ಮುಂದಿನ ತಿಂಗಳು ತೀರ್ಥಹಳ್ಳಿಯಲ್ಲಿ ಅನುಮತಿ ಕೊಡುತ್ತೀರೆಂದು ತಿಳಿಯಿತು. ಹಾಗಾಗಿ ಊರಿಗೆಲ್ಲ ಗೊತ್ತಾಗುವಂತೆ ಬರೆಯುತ್ತಿದ್ದೇನೆ. ಈ ಪತ್ರದಲ್ಲಿ ಬೈಗುಳ ಬಂದರೆ ಮುಕ್ಕಾಲು ಪಾಲು ನನಗೇ ಸೇರಿದ್ದು. ಉಳಿದ ಕಾಲು ಪಾಲನ್ನು ತಾವು ದೊಡ್ಡ ಮನಸ್ಸಿನಿಂದ ಸ್ವೀಕರಿಸಬೇಕು.

ನಾನು ಹೊಸನಗರದಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಪಾಠ ಮಾಡಿದವನು. ನಮ್ಮೂರಿನ ಕೆರಿಯಪ್ಪ ಕಾಮಾಲೆಗೆ ಬೇರು ಅರೆದು ಕೊಡುತ್ತಿದ್ದಾಗ, "ಎಷ್ಟು ಜನಕ್ಕೆ ಕೊಟ್ಟೆ, ಎಷ್ಟು ಜನಕ್ಕೆ ಗುಣವಾಯಿತು, ಕೊಡದಿದ್ದರೂ ಎಷ್ಟು ಜನಕ್ಕೆ ಗುಣವಾಗುತ್ತಿತ್ತು?" ಎಂದು ಮಕ್ಕಳ ಎದುರೇ ಅವನ ನೀರಿಳಿಸಿದ್ದೆ. ಆತ ತಲೆ ತುರಿಸಿಕೊಂಡು, "ಗೊತ್ತಿಲ್ಲ ಮೇಷ್ಟ್ರೇ, ಲೆಕ್ಕ ಇಟ್ಟಿಲ್ಲ" ಎಂದಿದ್ದ. ನಮ್ಮಿಬ್ಬರಲ್ಲಿ ವಿಜ್ಞಾನಿ ಯಾರು ಎಂಬುದು ನನಗೆ ತಿಳಿಯಲು ಹದಿನೈದು ವರ್ಷ ಬೇಕಾಯಿತು.

ಹೋದ ಮಳೆಗಾಲದಲ್ಲಿ ನನ್ನ ಮೊಣಕಾಲು ಹಿಡಿದುಕೊಂಡಿತು. ಪ್ರತಿ ಮಳೆಗಾಲದಲ್ಲೂ ಹಿಡಿಯುತ್ತದೆ, ದೀಪಾವಳಿ ಹೊತ್ತಿಗೆ ತಾನಾಗಿಯೇ ಬಿಡುತ್ತದೆ. ಈ ಸಲ ಮಾತ್ರ ನವರಾತ್ರಿಯಲ್ಲಿ ಸಾಗರಕ್ಕೆ ಹೋಗಿ ಸೂಜಿ ಚುಚ್ಚಿಸಿಕೊಂಡೆ. ಚಿಕಿತ್ಸಕ ಹರ್ಷವರ್ಧನ ಮಾತಿನಲ್ಲಿ ಬಲು ಸೌಮ್ಯ. ಗೋಡೆಯ ಮೇಲೆ ಮನುಷ್ಯನ ಚಿತ್ರ, ಮೈತುಂಬ ಬಣ್ಣದ ಗೆರೆ, ಚೀನೀ ಅಕ್ಷರ. ಕೆರಿಯಪ್ಪನ ಬೇರಿಗೆ ಗೋಡೆಯ ಮೇಲೆ ಚಿತ್ರವಿರಲಿಲ್ಲ ನೋಡಿ, ಅದಕ್ಕೇ ನನಗೆ ಅದು ಮೂಢನಂಬಿಕೆಯಾಗಿ ಕಂಡಿತ್ತು. ದೀಪಾವಳಿಗೆ ಮೊಣಕಾಲು ಸರಿಯಾಯಿತು. ನಾನು ಭಕ್ತನಾದೆ.

ನಮ್ಮ ಕಡೆಯ ಪದ್ಧತಿ ತಮಗೆ ತಿಳಿಯದಿರಬಹುದು. ಮದ್ದು ಕೊಟ್ಟವರಿಗೆ, ಗುಣವಾದ ಮೇಲೆ ಒಂದು ತೆಂಗಿನಕಾಯಿ ತಂದೊಪ್ಪಿಸುತ್ತೇವೆ. ಅದು ಶುಲ್ಕವಲ್ಲ, ಮರ್ಯಾದೆ. ಕೇಂದ್ರದ ಜಗಲಿಯ ಮೂಲೆಯಲ್ಲಿ ಅಂಥ ಕಾಯಿಗಳ ರಾಶಿಯಿತ್ತು. ದೀಪಾವಳಿಯಾಗಿ ತಿಂಗಳ ಮೇಲೆ ಹರ್ಷವರ್ಧನ ಪರವಾನಗಿಗೆ ಶಿಫಾರಸು ಕೇಳಿದಾಗ, ನಾನು ಸುಮ್ಮನೆ ಹೊಗಳುವವನಲ್ಲ, ಪುರಾವೆ ಬೇಕು ಎಂದೆ. ಕನ್ನಡಕ ಸರಿಮಾಡಿಕೊಂಡು ರಾಶಿಯನ್ನು ಎರಡು ಸಲ ಎಣಿಸಿದೆ. ಎರಡು ಸಲವೂ ಅರವತ್ತೊಂದೇ ಬಂತು. ಎಂಥ ನಿಖರತೆ! "ಅರವತ್ತೊಂದು ರೋಗಿಗಳು ಗುಣಮುಖರಾಗಿರುವುದನ್ನು ಖುದ್ದು ಪರಿಶೀಲಿಸಿದ್ದೇನೆ" ಎಂದು ಬರೆದು, ಕೆಳಗೆ ನನ್ನ ಎಂ.ಎಸ್ಸಿ. ಪದವಿಯನ್ನೂ ನಮೂದಿಸಿ ಸಹಿ ಹಾಕಿದೆ. ಗುಣವಾಗದವರು ಕಾಯಿ ತರುವುದಿಲ್ಲ, ಅವರು ಆ ಜಗಲಿಯಲ್ಲಿ ಯಾವತ್ತೂ ಲೆಕ್ಕಕ್ಕೆ ಸಿಗುವುದಿಲ್ಲ ಎಂಬುದು ಏಳನೇ ತರಗತಿಯ ಹುಡುಗಿಗೂ ಹೊಳೆಯುತ್ತಿತ್ತು. ನನಗೆ ಹೊಳೆಯಲಿಲ್ಲ.

ನೀವಾದರೂ ಕೇಳಬಹುದಿತ್ತಲ್ಲ? ಒಟ್ಟು ಎಷ್ಟು ಜನ ಬಂದಿದ್ದರು, ಅವರಿಗೆ ಏನು ಕಾಯಿಲೆಯಿತ್ತು, ಆರು ತಿಂಗಳ ಮೇಲೆ ಹೇಗಿದ್ದಾರೆ ಎಂದು? ನೀವು ಕಾಗದ ನೋಡಿದಿರಿ, ಮೊಹರು ಒತ್ತಿದಿರಿ.

ಈಗ ನನ್ನ ತಂಗಿ ವೆಂಕಮ್ಮನ ವಿಷಯ. ಆಕೆ ಇರುವುದು ಮೇಳಿಗೆಯಲ್ಲಿ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ಪಾದದಲ್ಲಿ ಉರಿ, ಜೋಮು. ನನ್ನ ಮೊಣಕಾಲು ಸರಿಯಾದ ವಾರದಲ್ಲೇ ಸಾಗರಕ್ಕೆ ಹೋಗು ಎಂದವನು ನಾನೇ. ಅಲ್ಲಿ ಸೂಜಿಯ ಜೊತೆಗೆ ಚೀನೀ ಗಿಡಮೂಲಿಕೆಯ ಪುಡಿ ಕೊಟ್ಟು, ಎರಡು ಔಷಧಿ ಒಟ್ಟಿಗೆ ಬೇಡ ಎಂದರಂತೆ. ಆಕೆ ಮಾತ್ರೆ ನಿಲ್ಲಿಸಿದಳು. ಹೆಬ್ಬೆರಳ ಬಳಿ ಗಾಯವಾದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಎಡಗಾಲಿನ ಎರಡು ಬೆರಳು ತೆಗೆದರು. ಮಾತ್ರೆ ಯಾಕೆ ನಿಲ್ಲಿಸಿದೆ ಎಂದು ನಾನು ಹಾಸಿಗೆಯ ಪಕ್ಕ ನಿಂತು ಗದರಿದೆ. ಆ ಸ್ಥಿತಿಯಲ್ಲೂ ನನಗೆ ಮೇಷ್ಟ್ರುಗಿರಿ ಬಿಟ್ಟಿರಲಿಲ್ಲ.

"ನೀನೇ ಅಲ್ಲನಾ ಅಣ್ಣಯ್ಯ ಹೋಗು ಅಂದಿದ್ದು?" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ.

ಮರುವಾರ ನಿಮ್ಮ ಕಚೇರಿಗೆ ಬಂದೆ. ಗುಮಾಸ್ತ ದಿನೇಶ್ ನನ್ನ ಹಳೆಯ ವಿದ್ಯಾರ್ಥಿ. ಎದ್ದು ನಿಂತು, ಕುರ್ಚಿ ಕೊಟ್ಟು, ನಿಯಮ ಓದಿದ. ಒಮ್ಮೆ ಸ್ವೀಕರಿಸಿದ ಪ್ರಮಾಣಪತ್ರವನ್ನು ಹಿಂಪಡೆಯಲು ಅದು ತಪ್ಪೆಂಬುದಕ್ಕೆ ವೈಜ್ಞಾನಿಕ ಪುರಾವೆ, ತಜ್ಞರ ವರದಿ ಮತ್ತು ಇಬ್ಬರು ಸಾಕ್ಷಿಗಳು ಬೇಕಂತೆ.

"ಕೊಡೋವಾಗ ಏನೂ ಕೇಳಿರಲಿಲ್ಲವಲ್ಲೋ?" ಎಂದೆ.

"ಬೇಜಾರು ಮಾಡ್ಕಬೇಡಿ ಸಾರ್. ಪುರಾವೆ ಇಲ್ದೆ ಯಾವ್ದನ್ನೂ ಒಪ್ಪಬಾರ್ದು ಅಂತ ನೀವೇ ಕಲ್ಸಿದ್ದಲ್ವಾ?"

ಮೂವತ್ತೊಂದು ವರ್ಷದಲ್ಲಿ ಒಬ್ಬನಾದರೂ ನನ್ನ ಪಾಠ ನೆನಪಿಟ್ಟುಕೊಂಡಿದ್ದಾನೆ ಎಂದು ಹೆಮ್ಮೆಪಡಬೇಕೋ, ಅಲ್ಲೇ ಕುಸಿಯಬೇಕೋ ತಿಳಿಯಲಿಲ್ಲ. ನಿಮ್ಮ ಕಚೇರಿಗೆ ವಿಜ್ಞಾನ ಗೊತ್ತಿಲ್ಲ ಎಂದು ಇನ್ನು ಯಾರೂ ಹೇಳುವಂತಿಲ್ಲ. ನಿಮ್ಮಲ್ಲಿ ಅದು ಒಳಗೆ ಬರುವ ಬಾಗಿಲಲ್ಲಿಲ್ಲ, ಹೊರಗೆ ಹೋಗುವ ಬಾಗಿಲಲ್ಲಿದೆ.

ಚೀನಾದ ವೈದ್ಯವೆಲ್ಲ ಮೋಸ ಎಂದು ನಾನು ಹೇಳುತ್ತಿಲ್ಲ. ಅವರದೇ ಹಳೆಯ ಮದ್ದಿನ ಗಿಡವೊಂದನ್ನು ಪ್ರಯೋಗಾಲಯದಲ್ಲಿ ಸೋಸಿ, ರೋಗಿಗಳ ಮೇಲೆ ಪರೀಕ್ಷಿಸಿ, ಮಲೇರಿಯಾಕ್ಕೆ ಔಷಧಿ ತೆಗೆದರು. ಅದು ಲಕ್ಷಾಂತರ ಜೀವ ಉಳಿಸಿದೆ. ಅದನ್ನು ಹಳೆಯದೆಂದು ನಂಬಲಿಲ್ಲ, ಚೀನಾದ್ದೆಂದು ತಳ್ಳಲೂ ಇಲ್ಲ, ಪರೀಕ್ಷಿಸಿದರು. ಸೂಜಿಯನ್ನೂ ಹಾಗೇ ನೋಡಬಹುದು. ಅರ್ಧ ಜನರಿಗೆ ನಿಜವಾಗಿ ಚುಚ್ಚಿ, ಇನ್ನರ್ಧಕ್ಕೆ ಚುಚ್ಚಿದಂತೆ ಮಾಡಿ, ಯಾರಿಗೆ ಯಾವುದೆಂದು ತಿಳಿಯದವರಿಂದ ನೋವು ಅಳೆಸಬೇಕು. ಕೆರಿಯಪ್ಪನ ಬೇರಿಗೂ ಇದೇ ನಿಯಮ, ನನ್ನ ಮೊಣಕಾಲಿಗೂ ಇದೇ ನಿಯಮ. ಇಷ್ಟನ್ನು ಪಾಠ ಮಾಡಿ ಸಂಬಳ ತಿಂದವನು ನಾನು.

ಇನ್ನು ನೀವು ಕೇಳಿದ ಪುರಾವೆ. ಮೊನ್ನೆ ಮೇಳಿಗೆಗೆ ಹೋಗಿದ್ದೆ. ವೆಂಕಮ್ಮ ಗೋಡೆ ಹಿಡಿದು ನಡೆಯುವುದನ್ನು ಕಲಿಯುತ್ತಿದ್ದಳು. ಆ ಕಾಯಿಗಳ ರಾಶಿಯ ಕಥೆಯನ್ನು ಮೊದಲ ಸಲ ಅವಳಿಗೆ ಹೇಳಿ ತಪ್ಪೊಪ್ಪಿಕೊಂಡೆ. ಅವಳು ಗೋಡೆಗೊರಗಿ ನಿಂತು ಹೇಳಿದಳು:

"ಅದ್ರಲ್ಲಿ ಒಂದು ನಂದೂ ಇತ್ತು ಅಣ್ಣಯ್ಯ. ನಿನ್ನ ಹೆಸ್ರು ಹೇಳ್ಕಂಡು ಹೋಗೋದು, ಬರಿಗೈಲಿ ಹೋದ್ರೆ ನಿಂಗೆ ಮರ್ಯಾದೆ ಅಲ್ಲ ಅಂತ ಮೊದ್ಲ ದಿನಾನೇ ಕಾಯಿ ತಗಂಡು ಹೋಗಿದ್ದೆ."

ನಾನು ಎರಡು ಸಲ ಎಣಿಸಿದ್ದೆ, ಸ್ವಾಮಿ. ಎರಡು ಸಲವೂ ನನ್ನ ತಂಗಿಯನ್ನು ಗುಣವಾದವರ ಪಟ್ಟಿಯಲ್ಲೇ ಎಣಿಸಿದ್ದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಸಾಗರದಲ್ಲಿ ಕಾಯಿ ಒಪ್ಪಿಸದೆ ಸುಮ್ಮನೆ ಮನೆಗೆ ಹೋದವರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಕೇಳುವ ತನಕ ತೀರ್ಥಹಳ್ಳಿಯ ಶಾಖೆಗೆ ಅನುಮತಿ ಕೊಡಬೇಡಿ. ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಬಾರದೆಂದು ಸಾಗರದ ಕೇಂದ್ರದ ಬಾಗಿಲಲ್ಲಿ ಇವತ್ತೇ ಫಲಕ ಹಾಕಿಸಿ. ಪೂರ್ತಿ ಪ್ರಮಾಣಪತ್ರ ರದ್ದು ಮಾಡಲು ನಿಯಮ ಬಿಡದಿದ್ದರೆ, ಸದ್ಯಕ್ಕೆ ಅರವತ್ತೊಂದನ್ನು ಹೊಡೆದು ಅರವತ್ತು ಎಂದು ತಿದ್ದಿ. ಆ ಒಂದಕ್ಕೆ ತಜ್ಞರ ವರದಿ ಆಸ್ಪತ್ರೆಯಲ್ಲಿದೆ. ಇಬ್ಬರು ಸಾಕ್ಷಿಗಳನ್ನು ಕರೆತರುತ್ತೇನೆ. ಒಬ್ಬ ನಾನು. ಇನ್ನೊಬ್ಬಳಿಗೆ ನಿಮ್ಮ ಕಚೇರಿಯ ಮೆಟ್ಟಿಲು ಹತ್ತಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಕಾಯಬೇಕು.

ಇಂತಿ,
ಪುರಾವೆಯ ಪಾಠ ಮಾಡಿ, ಪರೀಕ್ಷೆಯಲ್ಲಿ ಫೇಲಾದ
ವಾಸಪ್ಪ, ಎಂ.ಎಸ್ಸಿ. (ಈ ಸಲ ಇದನ್ನು ಪುರಾವೆಯೆಂದು ತಿಳಿಯಬೇಡಿ)
ಹೊಸನಗರ