ಓಲೆಕಾರನಿಲ್ಲದ ಮನೆಯಲ್ಲಿ ಹೊಳೆದದ್ದು

ದಾಂಡೇಲಿ ಕೋಶಶಾಲೆ,
ಫೆಬ್ರುವರಿ ೩೦, ೨೨೧೪
(ನಿಮ್ಮ ಕ್ಯಾಲೆಂಡರಿನಲ್ಲಿ ಹುಡುಕಬೇಡಿ. ಆ ದಿನ ನಮಗೆ ಆಮೇಲೆ ಮಂಜೂರಾಯಿತು.)

ಇಪ್ಪತ್ತೊಂದನೆಯ ಶತಮಾನದ ಸಂಶೋಧಕ ಮಹನೀಯರಿಗೆ,

ಎದೆಯ ಮೇಲೆ ಕೈಯಿಟ್ಟು ಒಪ್ಪಿಕೊಳ್ಳುತ್ತೇನೆ: ನಾನು ಕಳ್ಳ. ನಮ್ಮೂರ ವಸ್ತುಸಂಗ್ರಹಾಲಯದ ಶೀತಪೆಟ್ಟಿಗೆಯಿಂದ ನಿಮ್ಮ ಕಾಲದ ಒಂದು ಪುಟ್ಟ ಟ್ಯೂಬನ್ನು ಎಗರಿಸಿದ್ದೇನೆ. ಅದರೊಳಗಿದ್ದದ್ದು ನಿಮ್ಮ ಮೊಲವೊಂದರ ರಕ್ತದಿಂದ ತೆಗೆದ ಪ್ರತಿಕಾಯ, ಒಂದು ಹನಿ ಕಣ್ಣೀರಿನಷ್ಟು. ಮೊಲ ಇನ್ನೂ ದೂರು ಕೊಟ್ಟಿಲ್ಲ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಈ ನಡುವೆ ಕನ್ನಡವೂ ಒಂದೆರಡು ಹಲ್ಲು ಕಟ್ಟಿಸಿಕೊಂಡಿದೆ.

ಕದ್ದದ್ದು ಅಕ್ಕನಿಗಾಗಿ. ಅಕ್ಕ ನೀಲಾಂಬಿಕೆ ವಕೀಲೆ. ಅವಳ ಮೂತ್ರಪಿಂಡಗಳು ಸೋಲುತ್ತಿವೆ. ಜೀವಕೋಶದ ಹೊರಗಿನ ಸುದ್ದಿಯನ್ನು ಒಳಕ್ಕೆ ಮುಟ್ಟಿಸುವ ಪ್ರೋಟೀನೊಂದು ಉಂಟಷ್ಟೆ. ನೀವು ಅದಕ್ಕೆ ಅಕ್ಷರ, ಅಂಕಿ ಪೋಣಿಸಿ ಬಸ್ ನಂಬರಿನಂಥ ಹೆಸರಿಟ್ಟಿದ್ದಿರಿ, ನಾವು 'ಓಲೆಕಾರ' ಎನ್ನುತ್ತೇವೆ. ರೋಗಿಯ ಮೂತ್ರಪಿಂಡದಲ್ಲಿ ಓಲೆಕಾರರ ದಂಡೇ ಸೇರಿದೆ ಎಂದು ನೀವು ಬರೆದಿರಿ. ಪುರಾವೆ ಈ ಪ್ರತಿಕಾಯ: ಓಲೆಕಾರನಿಗೆ ಮಾತ್ರ ಅಂಟಬೇಕಾದ ಅದು ಅಲ್ಲಿ ಅಂಟಿಕೊಂಡು, ಸೂಕ್ಷ್ಮದರ್ಶಕದ ದೀಪ ಹಾಕಿದೊಡನೆ ಹಸಿರಾಗಿ ಹೊಳೆಯಿತು. ನಿಮ್ಮನ್ನು ನಂಬಿ ನಿಮ್ಮ ಶಿಷ್ಯರು ಬರೆದರು, ಅವರನ್ನು ನಂಬಿ ಅವರ ಶಿಷ್ಯರು. ಕೊನೆಗೆ ಓಲೆಕಾರನ ಬಾಯಿ ಕಟ್ಟುವ ಔಷಧಿಯೂ ಬಂತು. ಅಕ್ಕ ವರ್ಷಗಟ್ಟಲೆ ಅದನ್ನೇ ನುಂಗಿದ್ದಾಳೆ. "ತಮ್ಮಾ, ಈ ಗುಳಿಗಿ ಯಾರ ಬಾಯಿ ಕಟ್ಟೇತೋ ಗೊತ್ತಿಲ್ಲ, ನನ್ನ ಬಾಯಿ ಮಾತ್ರ ಕಹಿ ಮಾಡೇತಿ" ಎನ್ನುತ್ತಾಳೆ.

ನಮ್ಮಲ್ಲಿ 'ಬರಿಮನೆ' ಎಂಬ ಪದ್ಧತಿಯಿದೆ. ಓಲೆಕಾರನನ್ನು ಬುಡಸಮೇತ ಕಿತ್ತುಹಾಕಿದ ಜೀವಕೋಶಗಳನ್ನು ಬೆಳೆಸಿ, ಅವುಗಳ ಮೇಲೆ ಪ್ರತಿಕಾಯ ಹಾಕಿ ನೋಡುವುದು. ಹಿಡಿಯಲು ಒಳಗೆ ಯಾರೂ ಇಲ್ಲ, ಕತ್ತಲೆಯೇ ಕಾಣಬೇಕು. ಹೊಳೆಯಿತೋ, ಅದು ಸುಳ್ಳುಸಾಕ್ಷಿ. ಈ ಪದ್ಧತಿ ಈಗ ಪ್ರಯೋಗಾಲಯದಿಂದ ಬೀದಿಗೂ ಇಳಿದಿದೆ. ಅಡುಗೆಯವನನ್ನು ಗೊತ್ತುಮಾಡುವ ಮೊದಲು ಖಾಲಿ ಪಾತ್ರೆ ಮುಂದಿಟ್ಟು ಉಪ್ಪು ಹೇಗಿದೆ ಎಂದು ಕೇಳುತ್ತೇವೆ. ಹೆಣ್ಣು ನೋಡಲು ಬಂದ ವರನಿಗೆ ಮೊದಲು ಪರದೆಯ ಹಿಂದಿನ ಖಾಲಿ ಕುರ್ಚಿ. ಪರದೆ ಸರಿಸುವ ಮುಂಚೆಯೇ "ಲಕ್ಷಣವಾಗಿದ್ದಾಳೆ" ಎಂದವನಿಗೆ ಉಪ್ಪಿಟ್ಟೂ ಇಲ್ಲ. ನಮ್ಮನ್ನು ಏಮಾರಿಸುವುದು ಕಷ್ಟ, ಸ್ವಾಮಿ.

ನಿಮಗೂ ಈ ಪರೀಕ್ಷೆ ಗೊತ್ತಿತ್ತು, ಪುರಸೊತ್ತು ಇರಲಿಲ್ಲ. ಟ್ಯೂಬಿನ ಮೇಲೆ ಅಂಟಿಸಿದ ಹೆಸರನ್ನೇ ನಂಬಿದಿರಿ.

ಕದ್ದ ಹನಿಯನ್ನು ನಾನು ಬರಿಮನೆಗೆ ಹಾಕಿದೆ. ಹೊಳೆಯಿತು. ದೀಪಾವಳಿಯ ಹಾಗೆ ಹೊಳೆಯಿತು. ನಿಮ್ಮ ಮೊಲ ಹಿಡಿದುಕೊಟ್ಟದ್ದು ಓಲೆಕಾರನನ್ನಲ್ಲ, ಅವನಂಥದೇ ಮುಖದ ಯಾವನೋ ದಾರಿಹೋಕನನ್ನು. ಅದು ಪ್ರತಿಕಾಯವಲ್ಲ, ಪ್ರತಿ ಕಾಯಕ್ಕೂ ಅಂಟುವ ಗೋಂದು. ನಗುತ್ತಲೇ ಬರೆಯುತ್ತಿದ್ದೇನೆ. ಆದರೆ ಅಕ್ಕನ ಊದಿದ ಕಾಲನ್ನು ಒತ್ತಿದರೆ ಬೆರಳಿನ ಗುಂಡಿ ಬಹಳ ಹೊತ್ತು ಹಾಗೆಯೇ ಉಳಿದಿರುತ್ತದೆ.

ಆದ್ದರಿಂದ ಬೇಡಿಕೊಳ್ಳುತ್ತೇನೆ: "ಹೊಳೆಯಿತು" ಎಂದು ಅಚ್ಚುಹಾಕಿಸುವ ಮುಂಚೆ ಬರಿಮನೆಗೆ ಒಮ್ಮೆ ಹೋಗಿಬನ್ನಿ. ತಡವಾದರೆ ನಿಮ್ಮ ಮೇಲಿನವರು ಗೊಣಗಬಹುದು. ಗೊಣಗಲಿ. ಇಲ್ಲಿ ನನ್ನ ಅಕ್ಕ ಗೊಣಗುವುದೇ ಕಡಿಮೆಯಾಗಿದೆ, ನನಗೆ ಅದೇ ಭಯ.

ನಮ್ಮ ಚಿಂತೆ ಬಿಡಿ. ಹೊಸ ಪ್ರತಿಕಾಯವನ್ನು ನಾನೇ ತಯಾರಿಸಿದ್ದೇನೆ. ಬರಿಮನೆಯಲ್ಲಿ ಅದು ತೋರಿಸಿದ್ದು ಅಪ್ಪಟ ಕಾರಿರುಳು, ಒಂದು ಚುಕ್ಕೆಯೂ ಇಲ್ಲ. ಅದರ ಸಾಕ್ಷಿಯ ಮೇಲೆ ನಾಳೆ ಅಕ್ಕನ ಔಷಧಿ ಬದಲಾಗಲಿದೆ. ಕೆಲಸ ಎಂದರೆ ಹೀಗಿರಬೇಕು, ನೋಡಿ ಕಲಿಯಿರಿ.

ಇಂತು, ನಿಮ್ಮ ತಪ್ಪುಗಳ ವಾರಸುದಾರ,
ಇಂದುಧರ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಆ ಕಾರಿರುಳಿನ ಚಿತ್ರವನ್ನು ಎದೆಯುಬ್ಬಿಸಿ ಅಕ್ಕನಿಗೆ ತೋರಿಸಿದೆ. ಅವಳು ಕನ್ನಡಕ ಏರಿಸಿ, "ಇದು ಖಾಲಿ ಮನಿ, ಖರೇ. ಓಲೆಕಾರ ಇರೋ ಮನ್ಯಾಗರ ಹೊಳೀತೇನು?" ಎಂದು ಪಾಟೀಸವಾಲು ಹಾಕಿದಳು. ಅದನ್ನು ನಾನು ನೋಡಿರಲಿಲ್ಲ. ಈಗ ಓಡಿಹೋಗಿ ನೋಡಿಬಂದೆ. ಅಲ್ಲಿಯೂ ಕಾರಿರುಳೇ. ಔಷಧಿ ಬದಲಿಸಬೇಡಿ ಎಂದು ವೈದ್ಯರಿಗೆ ಹೇಳಿಕಳಿಸಿದ್ದೇನೆ. ಅಕ್ಕನಿಗೆ ಮಾತ್ರ ಇನ್ನೂ ಹೇಳಿಲ್ಲ: ಎರಡು ಸಲವೂ ಸೂಕ್ಷ್ಮದರ್ಶಕದ ದೀಪವನ್ನೇ ನಾನು ಹಾಕಿರಲಿಲ್ಲ.